ನೀಲಾ ಕುದುರೆಯಿಂದ ಇಳಿಯುವತನಕ

ಹುನಗುಂದ

ನಾನು ಐರ್ಲೆಂಡಿಗೆ ಹೋದದ್ದು ದೇಶ ನೋಡಲಿಕ್ಕಲ್ಲ. ನಮ್ಮ ಮನೆಯ ಹುಡುಗಿಯೊಬ್ಬಳು ಅಲ್ಲಿ ಕುದುರೆ ಓಟಕ್ಕೆ ಹೆಸರು ಕೊಟ್ಟಿದ್ದಳು. ಅವಳು ಕುದುರೆ ಹತ್ತದಂತೆ ಮಾಡಿ ಬಾ ಎಂದು ನನ್ನನ್ನು ಕಳಿಸಿದರು. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಇಂಥ ಕೆಲಸ ಯಾಕೆ ಬಂತು ಎಂದರೆ, ಏಪ್ರಿಲ್‌ನಲ್ಲಿ ಮನೆಯವರಲ್ಲಿ ಬೇಸಿಗೆಯ ಸೂಟಿ ಇದ್ದವನು ನಾನೊಬ್ಬನೇ.

ಹುಡುಗಿ ನನ್ನ ಅಣ್ಣನ ಮಗಳು ನೀಲಾ. ಅಣ್ಣನದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ನೀಲಾ ಬೀದರಿನಲ್ಲಿ ಪಶುವೈದ್ಯ ಓದಿ, ಮುಂದಿನ ಓದಿಗೆ ಐರ್ಲೆಂಡಿಗೆ ಹೋಗಿ, ಅಲ್ಲೇ ಒಂದು ಕುದುರೆ ದವಾಖಾನೆಯಲ್ಲಿ ಕೆಲಸಕ್ಕೆ ನಿಂತಿದ್ದಳು. ನಮ್ಮ ಹುಡುಗಿ ಕುದುರೆಗಳಿಗೆ ಔಷಧ ಕೊಡುತ್ತಾಳೆ ಎಂದು ನಾವೆಲ್ಲ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದೆವು. ಕುದುರೆಯ ಮೇಲೂ ಕೂಡುತ್ತಾಳೆ ಎಂದು ನಮಗೆ ತಿಳಿದದ್ದು ಒಂದು ದಿನ ವಿಡಿಯೊ ಕಾಲಿನಲ್ಲಿ.

"ಅಪ್ಪಾ, ಏಪ್ರಿಲ್ ಕಡೀಕ ರೇಸ್ ಐತಿ. ಈ ಸಲ ನಾನೂ ಓಡಸ್ತೇನಿ" ಎಂದಳು, ನಾಳೆ ಸಂತೆಗೆ ಹೋಗುತ್ತೇನೆ ಅನ್ನುವಷ್ಟು ಹಗುರವಾಗಿ.

ಅದು ವರ್ಷಕ್ಕೊಮ್ಮೆ ಹಳ್ಳಿಯ ಹುಲ್ಲುಗಾವಲಿನಲ್ಲಿ ನಡೆಯುವ ಓಟ. ಅದನ್ನೇ ಕಸುಬು ಮಾಡಿಕೊಂಡ ಸವಾರರಿಗೆ ಅಲ್ಲಿ ಪ್ರವೇಶವಿಲ್ಲ. ರೈತರು, ನರ್ಸುಗಳು, ಬಡಗಿಗಳು, ಸಾಲಿ ಮಾಸ್ತರರು ತಮ್ಮ ಹೌಸಿಗೆ, ಖುಷಿಗೆ ಓಡಿಸುತ್ತಾರೆ. ದಾರಿಗೆ ಅಡ್ಡಲಾಗಿ ಎದೆಮಟ್ಟದ ಕಡ್ಡಿಬೇಲಿಗಳನ್ನು ಕಟ್ಟಿರುತ್ತಾರೆ, ಕುದುರೆ ಅವನ್ನು ಹಾರಿ ಹಾರಿ ಓಡಬೇಕು. ಹಿಂದಿನ ವರ್ಷದ ವಿಡಿಯೊ ಒಂದನ್ನು ನೀಲಾ ಕಳಿಸಿದಳು. ಅದರಲ್ಲಿ ಒಬ್ಬ ಗಂಡಸು ಬೇಲಿಯ ಈಚೆಯಿಂದ ಕುದುರೆಯ ಜೊತೆ ಹೋಗಿ ಆಚೆ ಒಬ್ಬನೇ ಇಳಿದಿದ್ದ, ಅದೂ ತಲೆ ಕೆಳಗಾಗಿ. ಅಣ್ಣ ಅಷ್ಟನ್ನೇ ಮತ್ತೆ ಮತ್ತೆ ಹಾಕಿ ನೋಡಿದ.

"ಲೇ ಮಾಂತ್ಯಾ, ನೀ ಹೋಗು. ಆಕಿ ನಿನ್ನ ಮಾತ ಕೇಳ್ತಾಳ" ಎಂದ.

ಅವಳು ನನ್ನ ಮಾತು ಯಾವತ್ತೂ ಕೇಳಿದವಳಲ್ಲ. ಚಿಕ್ಕವಳಿದ್ದಾಗ ಬಾದಾಮಿ ಸ್ಟೇಶನ್ನಿನಲ್ಲಿ ಇಳಿದ ಕೂಡಲೇ ಓಡಿಹೋಗಿ ಟಾಂಗಾದ ಮುಂದುಗಡೆ, ಹೊಡೆಯುವವನ ಮಗ್ಗುಲಿಗೇ ಕೂಡುತ್ತಿದ್ದಳು. ಹಿಂದೆ ಬಾ ಎಂದು ನಾನು ಊರು ಬರುವತನಕ ಕೂಗುತ್ತಿದ್ದೆ.

ನೀಲಾಳ ಅವ್ವ, ಅಂದರೆ ನಮ್ಮ ವೈನಿ, ಬೇಕೆಂದೂ ಬೇಡವೆಂದೂ ಅನ್ನಲಿಲ್ಲ. ಸುಮ್ಮನೆ ಕೂತು ಚೀಲ ಕಟ್ಟಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ. ಉಳಿದ ಜಾಗದಲ್ಲೆಲ್ಲ ಅಮೀನಗಡದ ಕರದಂಟು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ತುಪ್ಪದಲ್ಲಿ ಕೂಡಿದ ಆ ತಿನಿಸನ್ನು ನಮ್ಮ ಕಡೆ ಬಾಣಂತಿಯರಿಗೂ ಕೊಡುತ್ತಾರೆ, ಪೈಲವಾನರಿಗೂ ಕೊಡುತ್ತಾರೆ.

"ಮಾಸ್ತರ್ರ, ದಿನಾ ಮರೀದ ತಿನಸ್ರಿ. ಮತ್ತ ರೇಸಿನ ದಿನ, ಆಕಿ ಕುದುರಿಯಿಂದ ಇಳಿಯೂತನಕ ನನಗ ಫೋನ್ ಮಾಡಬ್ಯಾಡ್ರಿ. ನನಗ ತಡಕೊಳ್ಳಾಕ ಆಗೂದಿಲ್ಲ" ಎಂದರು.

ಹತ್ತಗೊಡಬಾರದು ಎಂದು ಹೊರಟವನಿಗೆ ಇಳಿಯುವ ಮಾತು ಯಾಕೆ ಹೇಳುತ್ತಾರೆ ಎಂದು ಆಗ ನನಗೆ ಹೊಳೆಯಲಿಲ್ಲ.

ಡಬ್ಲಿನ್ನಿನ ಬಾಗಿಲು

ಅವಳನ್ನು ತಡೆಯುವ ಹಂಚಿಕೆ ಹೊಳೆದದ್ದು ವಿಮಾನದಲ್ಲಿ. ಕುದುರೆ ಸವಾರರು ಹಗುರ ಇರಬೇಕೆಂದು ಉಪವಾಸ ಬೀಳುತ್ತಾರೆ, ಒಂದು ತುತ್ತು ಹೆಚ್ಚಾದರೂ ಅವರನ್ನು ಕೈಬಿಡುತ್ತಾರೆ ಎಂದು ಎಂದೋ ಪೇಪರಿನಲ್ಲಿ ಓದಿದ್ದೆ. ನನ್ನ ತಲೆಯ ಮೇಲಿನ ಗೂಡಿನಲ್ಲಿ ಒಂದು ಚೀಲ ತುಂಬ ಕರದಂಟು ಇತ್ತು. ನೀಲಾಳ ಜೊತೆ ವಾದ ಮಾಡಿ ಗೆಲ್ಲುವುದು ನನ್ನಿಂದಾಗದು, ಆದರೆ ಉಣ್ಣಿಸುವುದು ಆದೀತು. ಓಟದ ಹೊತ್ತಿಗೆ ಅವಳನ್ನು ದುಂಡಗೆ ಮಾಡಿಟ್ಟರೆ ಕುದುರೆಯವರೇ ಬೇಡ ಅನ್ನುತ್ತಾರೆ, ಜಗಳವಿಲ್ಲ, ಅಳುವಿಲ್ಲ. ವೈನಿಯೂ ಅದಕ್ಕೇ ಇಷ್ಟು ಕಟ್ಟಿಕೊಟ್ಟಿರಬೇಕು ಎಂದು ಅವರ ಬುದ್ಧಿಗೆ ಮನಸ್ಸಿನಲ್ಲೇ ಶರಣೆಂದೆ.

ಡಬ್ಲಿನ್ನಿನಲ್ಲಿ ಹೊರಗೆ ಹೋಗುವ ಬಾಗಿಲ ಹತ್ತಿರ ಒಬ್ಬ ಎತ್ತರದ ಅಧಿಕಾರಿ ನನ್ನ ಚೀಲವನ್ನೇ ಆರಿಸಿ ಬಿಚ್ಚಿಸಿದ. ಮೊದಲು ಖಡಕ್ ರೊಟ್ಟಿಯ ಕಟ್ಟು ಕೈಗೆತ್ತಿಕೊಂಡು, ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿದ. ಇದನ್ನು ತಿನ್ನುತ್ತಾರೆಯೇ ಎಂದ. ಎರಡೂ ಹೊತ್ತು ತಿನ್ನುತ್ತೇವೆ ಎಂದೆ. ಆಮೇಲೆ ಕರದಂಟಿನ ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ನನ್ನ ಹಂಚಿಕೆಯೆಲ್ಲ ಆ ಮೇಜಿನ ಮೇಲೆ ಸಾಲಾಗಿ ಕೂತಿತು. ಅದನ್ನು ತೆಗೆದುಕೊಂಡುಬಿಟ್ಟರೆ ನೀಲಾ ಕುದುರೆ ಹತ್ತುವುದು ಖರೆಯೇ ಎಂದು ಡಬ್ಬಿಗಳನ್ನು ಮೆಲ್ಲಗೆ ನನ್ನ ಕಡೆ ಸರಿಸಿಕೊಂಡೆ.

ಯಾರ ಮನೆಗೆ ಹೋಗುತ್ತೀರಿ ಎಂದು ಕೇಳಿದ. ಅಣ್ಣನ ಮಗಳು, ಕುದುರೆ ಓಟ, ಇಂಥ ಹಳ್ಳಿ ಎಂದೆ. ಅವನ ಮುಖವೇ ಬದಲಾಯಿತು. ಕುದುರೆಯ ಹೆಸರೇನು, ಯಾರ ಲಾಯದ್ದು, ಮೊದಲು ಎಲ್ಲಿ ಓಡಿದೆ ಎಂದು ಬೀಗರ ಮನೆತನ ವಿಚಾರಿಸಿದ ಹಾಗೆ ವಿಚಾರಿಸಿದ. ನನಗೆ ಗೊತ್ತಿದ್ದದ್ದು ಹೆಸರು ಮಾತ್ರ: ಸ್ಲೋ ಕೆಟಲ್. ತಡವಾಗಿ ಕಾಯುವ ಚಹದ ಕಿಟ್ಲಿ. ಪಕ್ಕದ ಮೇಜಿನವನನ್ನೂ ಕರೆದು ಇಬ್ಬರೂ ಆ ಹೆಸರಿನ ಮೇಲೆ ಚರ್ಚೆ ಮಾಡಿದರು. ಕೊನೆಗೆ ಡಬ್ಬಿಗಳನ್ನು ತಾನೇ ಚೀಲದಲ್ಲಿ ಜೋಡಿಸಿ, ನೆಲ ಹಸಿ ಇದ್ದರೆ ನಿಮ್ಮ ಕುದುರೆ ಚೆನ್ನಾಗಿ ಓಡಬಹುದು ಎಂದು ಸಮಾಧಾನ ಹೇಳಿ ಕಳಿಸಿದ. ಆ ದೇಶದಲ್ಲಿ ಓಟದ ಕುದುರೆಯ ನಂಟಿದ್ದವನು ಪರಕೀಯನಲ್ಲ ಎಂದು ನನಗೆ ಅಲ್ಲಿಯೇ ತಿಳಿಯಿತು.

ನೋರಾಬಾಯಿಯ ಅಡುಗೆಮನೆ

ನೀಲಾ ಇದ್ದದ್ದು ದಕ್ಷಿಣದ ಒಂದು ಹಳ್ಳಿಯಲ್ಲಿ, ನೋರಾ ಎಂಬ ಗಂಡನಿಲ್ಲದ ರೈತ ಹೆಂಗಸಿನ ಮನೆಯಲ್ಲಿ. ಕೆಟಲ್ ಅವರದೇ ಕುದುರೆ. ಎಪ್ಪತ್ತು ದಾಟಿದ ಮುದುಕಿ, ಮಾತು ಕಡಿಮೆ, ಚಹ ಹೆಚ್ಚು. ನಾನು ಮನಸ್ಸಿನಲ್ಲಿ ಅವರನ್ನು ನೋರಾಬಾಯಿ ಎಂದೇ ಕರೆಯುತ್ತಿದ್ದೆ.

ನಮ್ಮಲ್ಲಿ ಎರೆಹೊಲ ಬಿರುಕು ಬಿಟ್ಟು ಬಾಯಿ ತೆರೆದುಕೊಂಡಿರುವ ಏಪ್ರಿಲ್‌ನಲ್ಲಿ ಅಲ್ಲಿ ಕಣ್ಣಿಗೆ ಸಾಕೆನಿಸುವಷ್ಟು ಹಸಿರು. ಐಹೊಳೆಯ ಕಡೆ ಹೋದರೆ ಒಂದು ಬೇವಿನ ನೆರಳಿಗೆ ಹುಡುಕಾಡಬೇಕು. ಇಲ್ಲಿ ಒಂದು ತುಣುಕು ಬಿಸಿಲು ಬಿದ್ದರೆ ಜನ ಅದರಲ್ಲಿ ಹೋಗಿ ನಿಲ್ಲುತ್ತಾರೆ. ಎದುರಿಗೆ ಬರುವ ಕಾರಿನವರೆಲ್ಲ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ನಾನು ಮೊದಲ ದಿನ ಪ್ರತಿಯೊಬ್ಬರಿಗೂ ಎರಡೂ ಕೈ ಜೋಡಿಸಿದೆ. ಎರಡನೇ ದಿನದ ಹೊತ್ತಿಗೆ ಅವರಲ್ಲಿ ಕೆಲವರು ಕಾರು ನಿಲ್ಲಿಸಿ ತಾವೂ ಕೈ ಜೋಡಿಸತೊಡಗಿದರು. ಯಾರ ಮನೆಗೆ ಹೋದರೂ ಚಹ ಬೇಡ ಎಂದು ಮೊದಲು ಅನ್ನಬೇಕು, ಅವರು ಮತ್ತೆ ಕೇಳಬೇಕು, ಆಮೇಲೆ ಕುಡಿಯಬೇಕು. ಈ ಒಂದು ವಿಷಯದಲ್ಲಿ ನಾನು ತಯಾರಾಗಿಯೇ ಹೋಗಿದ್ದೆ.

ಬಾಯಿಮಾತಿನ ಪ್ರಯತ್ನವನ್ನೂ ಮಾಡಿದೆ. ಮೊದಲ ಸಂಜೆ ನೀಲಾ ಲಾಯದಲ್ಲಿ ಕೆಟಲ್‌ನ ಮೈ ತಿಕ್ಕುತ್ತಿದ್ದಾಗ ಹೋಗಿ ನಿಂತೆ. ಕಂದು ಬಣ್ಣದ, ಕೆರೂರಿನ ಸಂತೆಯಲ್ಲಿ ನಿಂತ ಯಾವ ಎತ್ತಿಗಿಂತಲೂ ಎತ್ತರದ ಪ್ರಾಣಿ. ನನ್ನನ್ನು ನೋಡಿ ಆಕಳಿಸಿತು.

"ನೀಲಾ, ಬ್ಯಾಡವಾ. ನಿಮ್ಮಪ್ಪಗ ನಿದ್ದಿ ಇಲ್ಲ" ಎಂದೆ.

"ಗೊತ್ತೈತ್ರಿ ಕಾಕಾ."

"ಗೊತ್ತಿದ್ದೂ ಯಾಕ?"

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ದವಾಖಾನಿಯೊಳಗ ನಾ ನೋಡೂದೆಲ್ಲಾ ಕುಂಟೂ ಕುದುರಿ. ಕಾಲ ಮುರದದ್ದು, ಹೊಟ್ಟಿ ನೂಸಿದ್ದು. ಆರಾಮ ಇದ್ದ ಕುದುರಿ ಏನ ಮಾಡ್ತೈತಿ ಅನ್ನೂದ ಒಮ್ಮಿ ಮ್ಯಾಲ ಕುಂತು ನೋಡಬೇಕ್ರಿ. ಮೂರು ವರ್ಷ ದಿನಾ ಮುಂಜಾನಿ ಇದರ ಕೂಡ ಅದೇನಿ. ಸುಮ್ಮ ಹುಚ್ಚಿಗೆ ಹತ್ತೂದಿಲ್ಲ ನಾ."

ವಾದಕ್ಕೆ ನಾನು ಇಳಿಯಲಿಲ್ಲ. ಹಂಚಿಕೆ ಇತ್ತು. ಒಂದೇ ಒಂದು ಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಂಡೆ.

"ತೂಕ ನೋಡ್ತಾರಂತಲ್ಲ?"

"ನೋಡ್ತಾರ್ರಿ. ತಕ್ಕಡಿ ಮ್ಯಾಲ ಕೂಡ್ರಸ್ತಾರ."

"ತೂಕ ತಪ್ಪಿದ್ರ?"

"ತಪ್ಪಿದ್ರ ಬಿಡೂದಿಲ್ರಿ ಕಾಕಾ. ಭಾಳ ಕಟ್ಟುನಿಟ್ಟು."

ಅಷ್ಟು ಸಾಕಾಗಿತ್ತು. ಮರುದಿನದಿಂದ ಎರಡು ವಾರ ನಾನು ಆ ಅಡುಗೆಮನೆಯಲ್ಲಿ ಮಾಸ್ತರಕಿ ಬಿಟ್ಟು ಅತ್ತೆತನ ಮಾಡಿದೆ. ಮುಂಜಾನೆ ಕರದಂಟು, ಮಧ್ಯಾಹ್ನ ರೊಟ್ಟಿಗೆ ಬೆಣ್ಣೆ, ಸಂಜೆ ಹೋಳಿಗೆಗೆ ಇನ್ನಷ್ಟು ಬೆಣ್ಣೆ. ಐರ್ಲೆಂಡಿನ ಬೆಣ್ಣೆಯ ರುಚಿಯನ್ನು ನಮ್ಮ ಬೆಣ್ಣೆಯ ಮುಂದೆ ಹೊಗಳಬಾರದು, ಆದರೂ ಹೊಗಳುತ್ತೇನೆ. ನೀಲಾ ಬೇಡ ಅನ್ನದೆ ತಿಂದಳು. ನೋರಾಬಾಯಿಯಂತೂ ಇನ್ನೊಂದು ತುಂಡು ತಿನ್ನು ಎಂದು ಅವಳ ತಟ್ಟೆಗೆ ತಾವೇ ಹಾಕುತ್ತಿದ್ದರು. ಕುದುರೆಯ ಒಡತಿಯೇ ಹೀಗೆ ಮಾಡುವುದು ಕಂಡು, ಇವರಿಗೂ ಹುಡುಗಿಯ ಮೇಲೆ ಕರುಳಿದೆ, ಬಾಯಿಬಿಟ್ಟು ಹೇಳಲಾರದೆ ಹೀಗೆ ತಪ್ಪಿಸುತ್ತಿದ್ದಾರೆ ಎಂದುಕೊಂಡೆ. ಚಹದ ಜೊತೆ ನಮ್ಮಿಬ್ಬರಿಗೂ ಒಂದೊಂದು ತುಂಡು ಎತ್ತಿಟ್ಟುಕೊಳ್ಳುವುದು ರೂಢಿಯಾಯಿತು. ಎಷ್ಟೋ ಸಲ ಎರಡೆರಡು.

ಓಟದ ಹಿಂದಿನ ದಿನ ನೀಲಾಳ ಎರಡೂ ಗಲ್ಲ ತುಂಬಿಕೊಂಡಿದ್ದವು. ನಾನು ನಿಶ್ಚಿಂತೆಯಿಂದ ಮಲಗಿದೆ.

ಓಟದ ಹೊಲ

ಭಾನುವಾರ. ಯಾರದೋ ಹುಲ್ಲುಗಾವಲು. ಗೇಟಿನೊಳಗೆ ಕಾಲಿಡುತ್ತಲೇ ಬಾಗಲಕೋಟೆಯಲ್ಲಿ ಕೊಂಡ ನನ್ನ ಹೊಸ ಬೂಟು ಕೆಸರಿನಲ್ಲಿ ಹೂತು ಅಲ್ಲೇ ಉಳಿಯಿತು. ಕಾಲು ಮಾತ್ರ ಮುಂದೆ ಬಂತು. ನೋರಾಬಾಯಿ ಕಾರಿನಿಂದ ತಮ್ಮ ತೀರಿಹೋದ ಗಂಡನ ರಬ್ಬರ್ ಬೂಟು ತೆಗೆದುಕೊಟ್ಟರು. ದೊಡ್ಡ ಆಳಿರಬೇಕು ಆತ. ನಾನು ಎರಡೂ ಕಾಲು ಎಳೆಯುತ್ತ ಮೆರವಣಿಗೆ ಹೊರಟೆ.

ಅಲ್ಲಿ ಕಂಡದ್ದು ಒಂದೊಂದೂ ನನ್ನ ಎದೆ ಬಡಿತ ಹೆಚ್ಚಿಸಿತು. ಮೊದಲು ಅಂಬುಲೆನ್ಸು, ಅದು ಓಟದ ಉದ್ದಕ್ಕೂ ಕುದುರೆಗಳ ಹಿಂದೆಯೇ ಬರುತ್ತದಂತೆ. ಆಮೇಲೆ ಕರಿ ಅಂಗಿಯ ಒಬ್ಬ ಪಾದ್ರಿ. ಪಾದ್ರಿ ಯಾಕೆ ಬಂದಿದ್ದಾರೆ ಎಂದು ಕೇಳಿದೆ. ನಾಲ್ಕನೇ ಓಟದಲ್ಲಿ ಅವರ ತಮ್ಮನ ಕುದುರೆ ಇದೆ ಎಂದರು ನೋರಾಬಾಯಿ.

ಇರಲಿ, ನೀಲಾ ಹತ್ತಿದರೆ ತಾನೆ ಎಂದು ನನಗೆ ನಾನೇ ಹೇಳಿಕೊಂಡು ತೂಕದ ಡೇರೆಯ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಸವಾರರು ಜೀನು ಎತ್ತಿಕೊಂಡು ಸಾಲುಗಟ್ಟಿದ್ದರು. ನೀಲಾ ಕಡುಗೆಂಪು ಅಂಗಿ ತೊಟ್ಟಿದ್ದಳು, ಅಣ್ಣನ ಅಂಗಡಿಯ ಸೀರೆಯ ಸೆರಗಿನ ಕೆಂಪು. ಅವಳು ಜೀನನ್ನು ತೊಡೆಯ ಮೇಲಿಟ್ಟುಕೊಂಡು ತಕ್ಕಡಿಯ ಕುರ್ಚಿಯಲ್ಲಿ ಕೂತಳು. ಕನ್ನಡಕದ ಅಧಿಕಾರಿ ತೂಕ ನೋಡಿ ತಲೆ ಅಲ್ಲಾಡಿಸಿದ. ಹೆಚ್ಚಾಗಿದೆ ಎಂದ. ನನ್ನ ಜೀವ ತಣ್ಣಗಾಯಿತು. ಕರದಂಟು ಕೈಬಿಡಲಿಲ್ಲ ಎಂದು ಆ ಪರದೇಶದಲ್ಲಿ ಅಮೀನಗಡದ ದಿಕ್ಕು ಯಾವುದೆಂದು ತಿಳಿಯದಿದ್ದರೂ ಒಂದು ಕಡೆ ಕೈ ಮುಗಿದೆ.

ನೀಲಾ ಎದ್ದಳು. ಜೀನಿನ ಕೆಳಗಿನ ಬಟ್ಟೆಗೆ ಸಾಲಾಗಿ ಕಿಸೆ ಹೊಲಿದಿದ್ದರು. ಅದರಲ್ಲಿ ಒಂದರಿಂದ ಏನೋ ಬೂದು ಬಣ್ಣದ ಹಲಗೆ ಎಳೆದು ತೆಗೆದಳು. ಮತ್ತೆ ಕೂತಳು. ಅಧಿಕಾರಿ ಇನ್ನೂ ತಲೆ ಅಲ್ಲಾಡಿಸಿದ. ಇನ್ನೊಂದು ತೆಗೆದಳು. ಈ ಸಲ ಆತ ಸರಿ ಎಂದ. ಅವಳು ನಗುನಗುತ್ತ ಹೊರಗೆ ಬಂದು ಆ ಎರಡೂ ಹಲಗೆಗಳನ್ನು ನನ್ನ ಕೈಯಲ್ಲಿಟ್ಟಳು. ಭಾರವಾದ, ತಣ್ಣಗಿನ ಸೀಸ.

"ಹಿಡಕೋರಿ ಕಾಕಾ. ಇಷ್ಟ ನಿಮ್ಮಿಂದ ಉಳೀತು."

"ಏನ ಉಳೀತು?"

"ಹವ್ಯಾಸಿಗೋಳ ರೇಸಿನ್ಯಾಗ ಎಲ್ಲಾರದೂ ಒಂದ ತೂಕ ಇರಬೇಕ್ರಿ, ಅದೂ ದೊಡ್ಡ ಗಂಡಸರ ಅಳತೀಲೆ. ನನ್ನಂಥಾ ಹಗುರ ಮಂದಿ ಕಮ್ಮಿ ಬಿದ್ದಷ್ಟು ಸೀಸ ತುಂಬಬೇಕು. ಸೀಸ ಅಂದ್ರ ಸತ್ತ ಭಾರ. ಕುದುರಿ ಹಾರೂವಾಗ ಅದು ಸುಮ್ಮ ಬೆನ್ನ ಮ್ಯಾಲ ಬಿದ್ದಿರ್ತೈತಿ. ನಮ್ಮ ಮೈ ಭಾರ ಆದ್ರ ನಾವು ಎದ್ದು ಮುಂದ ಬಗ್ಗಿ ಕುದುರಿಗೆ ಹಗುರ ಮಾಡಬಹುದು. ನಿಮ್ಮ ಕರದಂಟು ಭಾಳ ಉಪಕಾರ ಆತ್ರಿ."

ಇಡೀ ವರ್ಷ ಮಕ್ಕಳಿಗೆ ಭಾರ, ಬಲ, ಸಮತೋಲ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣದ ಪುಡಿ ತಿಂದವನು ನಾನು. ಅವಳನ್ನು ತಡೆಯಲು ಬಂದವನು ಅವಳನ್ನು ತಯಾರು ಮಾಡಿ ಕೂಡಿಸಿದ್ದೆ. ನೋರಾಬಾಯಿ ಯಾಕೆ ತಿನ್ನು ತಿನ್ನು ಅನ್ನುತ್ತಿದ್ದರು ಎಂಬುದೂ ಈಗ ತಿಳಿಯಿತು. ಸೀಸವನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡೆ. ಕೋಟು ಒಂದು ಕಡೆ ವಾಲಿತು.

"ಬರ್ತೇನ್ರಿ ಕಾಕಾ" ಎಂದು ಅವಳು ಬಗ್ಗಿ, ಕೆಸರಾದ ರಬ್ಬರ್ ಬೂಟು ಮುಟ್ಟಿ ನಮಸ್ಕಾರ ಮಾಡಿದಳು. ಆಗ ನನಗೆ ಬೈಯಲೂ ಆಗಲಿಲ್ಲ. "ಹುಷಾರವಾ" ಎಂದೆ.

ದಿನ್ನೆಯ ಹಿಂದೆ

ಹೊಲದ ನಡುವೆ ಒಂದು ದಿನ್ನೆ. ಕುದುರೆಗಳು ನಮ್ಮ ಎದುರಿನ ಬೇಲಿಗಳನ್ನು ಹಾರಿ, ದಿನ್ನೆಯ ಹಿಂದೆ ಮರೆಯಾಗಿ, ಮತ್ತೆ ಸುತ್ತಿ ಬರಬೇಕು. ಹೀಗೆ ಎರಡು ಸುತ್ತು. ಮರೆಯಾದಷ್ಟು ಹೊತ್ತು ಲೌಡ್‌ಸ್ಪೀಕರಿನವನು ಹೇಳಿದ್ದೇ ಗತಿ. ಆತನ ಇಂಗ್ಲಿಷಿನಲ್ಲಿ ನನಗೆ ಒಂದು ಅಕ್ಷರವೂ ಹತ್ತಲಿಲ್ಲ.

ಮೊದಲ ಬೇಲಿಗೆ ಅವೆಲ್ಲ ಒಟ್ಟಿಗೆ ಬಂದಾಗ ನೆಲ ನಡುಗಿದ್ದು ಬೂಟಿನೊಳಗಿನ ಕಾಲಿಗೆ ತಿಳಿಯಿತು. ಕೆಂಪು ಅಂಗಿ ಮೇಲೆದ್ದು, ಮುಂದೆ ಬಗ್ಗಿ, ಆಚೆ ಇಳಿದು ಹೋಯಿತು. ನಾನು ಉಸಿರು ಬಿಟ್ಟೆ. ಒಂದು ಸುತ್ತು ಮುಗಿಸಿ ಬಂದಾಗ ನೀಲಾ ನಡುವೆ ಎಲ್ಲೋ ಇದ್ದಳು, ಮುಖದ ತುಂಬ ಕೆಸರು. ಹೆದರಿದವಳ ಹಾಗೆ ಕಾಣಲಿಲ್ಲ. ಟಾಂಗಾದ ಮುಂದೆ ಕೂತಾಗಿನ ಅದೇ ಮುಖ.

ಎರಡನೇ ಸಲ ದಿನ್ನೆಯ ಹಿಂದೆ ಹೋದ ಮೇಲೆ ಲೌಡ್‌ಸ್ಪೀಕರಿನವನ ದನಿ ಏರಿತು. ಜನ ಒಮ್ಮೆಲೆ ಉಸಿರೆಳೆದುಕೊಂಡರು. ಯಾರೋ ಬಿದ್ದಿದ್ದರು, ಒಬ್ಬರಲ್ಲ, ಇಬ್ಬರು. ದಿನ್ನೆಯ ಕಡೆ ಕೆಲವರು, ಬಿದ್ದವರು ಜನರಿಗೆ ಕಾಣದಂತೆ ಮರೆಮಾಡುವ ದೊಡ್ಡ ಹಸಿರು ಪರದೆ ಹಿಡಿದುಕೊಂಡು ಓಡಿದರು. ಅಂಬುಲೆನ್ಸು ನಿಂತಿತು. ದೂರದಲ್ಲಿ, ದಿನ್ನೆಯ ಅಂಚಿನಲ್ಲಿ, ಕೆಂಪಗಿನದೇನೋ ನೆಲದ ಮೇಲೆ ಬಿದ್ದಿತ್ತು.

ನಾನು ಕಿಸೆಯಲ್ಲಿದ್ದ ಸೀಸವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೂಡಲಸಂಗಮನ ಹೆಸರು ತೆಗೆದುಕೊಂಡೆ, ಬನಶಂಕರಿಗೂ ಹರಕೆ ಹೊತ್ತೆ. ಇಳಕಲ್ಲಿನಲ್ಲಿ ವೈನಿ ಫೋನು ಮುಂದಿಟ್ಟುಕೊಂಡು ಕೂತಿರುತ್ತಾರೆ, ನಾನು ಏನೆಂದು ಹೇಳಲಿ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ದಿನ್ನೆಯ ಹಿಂದಿನಿಂದ ಮೊದಲು ಬಂದದ್ದು ಸವಾರನಿಲ್ಲದ ಕುದುರೆ. ಕಂದು ಬಣ್ಣ. ಕಾಲಿಡುವ ರಿಕಾಪುಗಳು ಎರಡೂ ಕಡೆ ಬಡಿಯುತ್ತಿದ್ದವು. ನೋರಾಬಾಯಿ ನನ್ನ ರಟ್ಟೆ ಹಿಡಿದರು. ಮೂಗು ನೋಡು, ಮೂಗು ನೋಡು ಎಂದರು. ಕೆಟಲ್‌ನ ಮೂಗಿನ ಮೇಲೆ ಬಿಳಿ ಉಣ್ಣೆಯ ಪಟ್ಟಿ ಇರುತ್ತದೆ, ಇದಕ್ಕೆ ಇರಲಿಲ್ಲ. ಇದು ನಮ್ಮದಲ್ಲ ಎಂದರು. ಹಾಗೆ ಹೇಳಿದ ಮೇಲೂ ನನ್ನ ರಟ್ಟೆ ಬಿಡಲಿಲ್ಲ.

ಆಮೇಲೆ ಮುಂದಿದ್ದ ಮೂವರು ಬಂದರು. ಅವರ ಹಿಂದೆ ಇನ್ನೊಬ್ಬ. ಅವನ ಹಿಂದೆ ಒಂದು ಗಳಿಗೆ ಯಾರೂ ಇಲ್ಲ. ನಂತರ ಬಿಳಿ ಪಟ್ಟಿ ಕಾಣಿಸಿತು. ಅದರ ಮೇಲೆ ಕೆಂಪು ಅಂಗಿ. ಬಿದ್ದವರಲ್ಲಿ ಒಬ್ಬನದೂ ಕೆಂಪು ಅಂಗಿಯೇ, ಆತ ಬೇರೆಯವನು. ನೀಲಾಳ ಒಂದು ಕಾಲು ರಿಕಾಪಿನಿಂದ ತಪ್ಪಿಹೋಗಿತ್ತು, ಆದರೂ ಕೂತಿದ್ದಳು. ಕೊನೆಯ ಬೇಲಿಯ ಮುಂದೆ ಅವಳು ಲಗಾಮು ಜಗ್ಗಿ ಕೆಟಲ್‌ನ ವೇಗ ಇಳಿಸಿ, ಅದು ತನ್ನ ಹೆಜ್ಜೆ ನೋಡಿಕೊಂಡು ಹಾರುವಂತೆ ಮಾಡಿದಳು. ಅವಸರ ಮಾಡಿದ್ದರೆ ಒಬ್ಬರನ್ನಾದರೂ ಹಿಂದೆ ಹಾಕುತ್ತಿದ್ದಳೋ ಏನೋ. ಕೆಟಲ್ ಮುದುಕರು ಗಟಾರ ದಾಟುವ ಹಾಗೆ ಜೋಪಾನವಾಗಿ ದಾಟಿ ಐದನೆಯದಾಗಿ ಗುರಿ ಮುಟ್ಟಿತು. ನಾನು ಅತ್ತೆ. ಪಕ್ಕದಲ್ಲಿ ನಿಂತ ಪಾದ್ರಿ, ಗುರುತಿಲ್ಲ ಪರಿಚಯವಿಲ್ಲ, ನನ್ನ ಬೆನ್ನು ಸವರಿದರು.

ಸ್ವಲ್ಪ ಹೊತ್ತಿಗೆ ಪರದೆಯವರು ಪರದೆ ಸುತ್ತಿಕೊಂಡು ವಾಪಸು ಬಂದರು. ಬಿದ್ದ ಇಬ್ಬರೂ ಕುಂಟುತ್ತ ನಡೆದು ಬರುತ್ತಿದ್ದರು. ನೆಲದ ಮೇಲೆ ಮಲಗಿದ್ದ ಕುದುರೆ ದಣಿವಾರಿಸಿಕೊಂಡು ತಾನೇ ಎದ್ದು ಹುಲ್ಲು ಮೇಯತೊಡಗಿತಂತೆ. ಜನ ಅದಕ್ಕೆ ಗೆದ್ದ ಕುದುರೆಗಿಂತ ಹೆಚ್ಚು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಕಾರಿನ ಡಿಕ್ಕಿ

ನೋರಾಬಾಯಿಯ ಕಾರಿನ ಡಿಕ್ಕಿ ತೆರೆದು, ಅದರ ಅಂಚಿನ ಮೇಲೆ ನೀಲಾ ಕಾಲು ಇಳಿಬಿಟ್ಟು ಕೂತಿದ್ದಳು. ಹೆಲ್ಮೆಟ್ಟಿನ ಗೆರೆಯ ಮೇಲೆ ಹಣೆ ಚೊಕ್ಕ, ಕೆಳಗೆಲ್ಲ ಕೆಸರು. ಕೈಯಲ್ಲಿ ಕೊನೆಯ ಡಬ್ಬಿಯ ಕೊನೆಯ ಕರದಂಟು. ಕೆಟಲ್ ಗೊರಸಿನಿಂದ ಮೂಗಿನವರೆಗೂ ನೆಟ್ಟಗಿದೆ ಎಂದು ತಾನೇ ಮುಟ್ಟಿ ನೋಡಿದ ಮೇಲೆಯೇ ಅವಳು ತಿನ್ನಲು ಕೂತದ್ದು. ನಾನು ಇಳಕಲ್ಲಿಗೆ ಫೋನು ಹಚ್ಚಿದೆ. ಒಂದು ರಿಂಗೂ ಪೂರ್ತಿ ಆಗಲಿಲ್ಲ.

"ಇಳದಾಳ್ರಿ ವೈನಿ" ಎಂದೆ.

ಆ ಕಡೆ ಮೂಗು ಒರೆಸಿಕೊಂಡ ಸಪ್ಪಳ.

"ಬಿದ್ದಿಲ್ಲಲ್ಲ?"

"ಇಲ್ರಿ. ಕುಂತಽ ಬಂದ್ಲು."

"ನೋವು ಗೀವು?"

"ಏನೂ ಇಲ್ರಿ. ಕರದಂಟು ತಿನ್ನಾಕತ್ಯಾಳ."

ಹಿಂದಿನಿಂದ ಅಣ್ಣ ಜೋರಾಗಿ "ಬಂದ್ಲೇನು? ಇಳದ್ಲೇನು?" ಎಂದು ಕೇಳುತ್ತಿದ್ದ. ವೈನಿ ಅವನಿಗೆ ಹೇಳಿ, ಫೋನು ಹತ್ತಿರ ತಂದು, ದನಿ ಸಣ್ಣದು ಮಾಡಿದರು.

"ಮಾಸ್ತರ್ರ, ಸೀಸ ಎಷ್ಟ ಕಮ್ಮಿ ಆತ್ರಿ?"

ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟುಕೊಂಡೆ. "ನಿಮಗ ಗೊತ್ತಿತ್ತೇನ್ರಿ?"

"ಆಕಿ ಮೊದಲಽ ಹೇಳಿದ್ಲು. ನಿಮ್ಮ ಅಣ್ಣಗ ಹೇಳಿದ್ರ ಮನಿಯೊಳಗ ರಂಪ. ನಿಮಗ ಹೇಳಿದ್ರ ನೀವು ಅವರಿಗೆ ಹೇಳ್ತಿದ್ರಿ. ಆಕಿ ಹತ್ತೂದಂತೂ ಬಿಡೂದಿಲ್ಲ ಅಂತ ನನಗ ಗೊತ್ತೈತಿ. ಹತ್ತೂದಽ ಆದ್ರ ಸತ್ತ ಸೀಸ ಯಾಕ ಹೊತಗೊಂಡ ಕೂಡ್ರಬೇಕು. ಮನಿ ತಿನಿಸು ಹೊತಗೊಂಡ ಕೂಡ್ರಲಿ ಅಂದೆ." ಮತ್ತೆ ಮೂಗು ಒರೆಸಿಕೊಂಡರು. "ನನ್ನ ಕೈಯಿಂದ ಆಗೂದು ಅಷ್ಟಽ ಇತ್ರಿ."

ಕಿಸೆಯಿಂದ ಸೀಸ ತೆಗೆದು ಅಂಗೈಯಲ್ಲಿಟ್ಟು ನೋಡಿದೆ. ನನ್ನ ಮೈಯ ಬಿಸಿಗೆ ಬೆಚ್ಚಗಾಗಿತ್ತು.

"ಎರಡು ತುಂಡು ಕಮ್ಮಿ ಆತ್ರಿ ವೈನಿ."

"ಎರಡಽ?" ವೈನಿಯ ದನಿಯಲ್ಲಿ ಅಳು ಹೋಗಿ ಲೆಕ್ಕ ಬಂತು. "ನಾ ಕಟ್ಟಿದ್ದು ನಾಕ ತುಂಡಿನಷ್ಟು. ಉಳಿದದ್ದು ಯಾರ ತಿಂದ್ರಿ?"

ನೋರಾಬಾಯಿಗೆ ಕನ್ನಡ ಬರುವುದಿಲ್ಲ. ಆದರೂ ನಾನು ಅವರ ಕಡೆ ನೋಡಿದ ಕೂಡಲೇ ಅವರು ಖಾಲಿ ಡಬ್ಬಿಯ ಕಡೆ ನೋಡಿ, ಚಹ ಸುರಿಯಲು ಹೊರಳಿದರು. ನೀಲಾ ನಗಲು ಶುರು ಮಾಡಿದಳು. ನನ್ನ ಪ್ಯಾಂಟಿನ ಗುಂಡಿ ಎರಡು ದಿನದಿಂದ ಹಾಕಲು ಬರುತ್ತಿರಲಿಲ್ಲ, ಮೇಲೆ ಕೋಟಿದ್ದುದರಿಂದ ನಡೆದುಹೋಗಿತ್ತು.

"ಹಲೋ, ಕೇಳಸವಲ್ತ್ರಿ ವೈನಿ" ಎಂದು ಹೇಳಿ, ಫೋನನ್ನು ನೀಲಾಳ ಕೈಗೆ ಕೊಟ್ಟುಬಿಟ್ಟೆ.